ಉಗುರಿನ ನೀಲಿ

ಮನುಷ್ಯನ ಅವಯವಗಳಲ್ಲಿ ಉಗುರಿನಷ್ಟು ಅನಾದರಕ್ಕೆ ಪಾತ್ರವಾದುದು ಮತ್ತೊಂದಿಲ್ಲವೆಂದು ತೋರುತ್ತದೆ. ಕಣ್ಣನ್ನು ಕಮಲವೆಂದರು, ಮುಖವನ್ನು ಚಂದ್ರನೆಂದರು. ಅಪರೂಪಕ್ಕೊಮ್ಮೆ ಯಾವನೋ ಕವಿ ನಖಕಾಂತಿಯನ್ನು ವರ್ಣಿಸಿದ್ದುಂಟಾದರೂ, ಲೋಕವು ಅದಕ್ಕೆ ಕೊಟ್ಟದ್ದು 'ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆ' ಎಂಬ ಒಂದು ಗಾದೆ. ಅದರ ಮೇಲೆ ಹತ್ತಾರು ನಿಷೇಧಗಳು. ಶನಿವಾರ ಕತ್ತರಿಸಬಾರದು, ದೀಪ ಹಚ್ಚಿದ ಮೇಲೆ ಕತ್ತರಿಸಬಾರದು, ಕತ್ತರಿಸಿದುದನ್ನು ಅಂಗಳದಲ್ಲಿ ಚೆಲ್ಲಬಾರದು. ಇಷ್ಟು ಅಂಜಿಕೆಯನ್ನು ಹುಟ್ಟಿಸಬಲ್ಲ ವಸ್ತುವು ಅಷ್ಟೊಂದು ಅಲ್ಪವಾಗಿರಲಾರದು.

ಬೈಲಹೊಂಗಲದಿಂದ ಸವದತ್ತಿಯವರೆಗೆ ಹಬ್ಬಿದ ಎರೆಯ ನಾಡಿನಲ್ಲಿ ಹೆಂಗಸಿನ ಉಗುರನ್ನು ನೋಡಿ ಕಾಲವನ್ನು ಹೇಳಬಹುದು. ಬಿತ್ತನೆಯ ದಿನಗಳಲ್ಲಿ ಅದರ ಅಂಚಿಗೆ ಎರೆಮಣ್ಣಿನ ಕಪ್ಪು. ಹತ್ತಿ ಬಿಡಿಸುವಾಗ ಒಣಗಿದ ತೊಳೆಯ ಮುಳ್ಳುತುದಿ ಗೀರಿದ ಗೆರೆ. ಹಬ್ಬದಲ್ಲಿ ಅರಿಷಿಣದ ಹಳದಿ. ಮದುವೆಯಲ್ಲಿ ಮದರಂಗಿಯ ಕೆಂಪು. ಮದರಂಗಿಯ ಬಣ್ಣವು ಉಗುರಿನ ಪದಾರ್ಥದೊಡನೆಯೇ ಕೂಡಿಕೊಳ್ಳುವುದರಿಂದ ತೊಳೆದರೆ ಹೋಗದು. ಉಗುರು ಬೆಳೆದು ಮುಂದಕ್ಕೆ ಸರಿದಂತೆ ತಾನೂ ಸರಿಯುತ್ತ ಹೋಗಿ ಕೊನೆಗೆ ಕತ್ತರಿಗೆ ಸಿಗುತ್ತದೆ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರು ಬೆಳೆಯುವುದೆಂದೂ, ಬುಡದಿಂದ ತುದಿಯವರೆಗೆ ಹೊಸದಾಗಲು 6 ತಿಂಗಳು ಬೇಕೆಂದೂ ವೈದ್ಯರು ಹೇಳುವರು. ಕಪ್ಪು, ಹಳದಿ, ಕೆಂಪು, ಇವು ಈ ಸೀಮೆಯ ಉಗುರು ಬಲ್ಲ ಬಣ್ಣಗಳು. ನೀಲಿಯು ಇವುಗಳ ಸಾಲಿನಲ್ಲಿ ಇರಲಿಲ್ಲ. ಅದು ಬೈಲಹೊಂಗಲದ ಒಂದು ಮನೆಗೆ ಹೇಗೆ ಬಂದಿತೆಂಬುದೇ ಇಲ್ಲಿಯ ವಿಷಯ.

ಆ ಮನೆಯ ಸೋದರಬಳಗದ ಮದುವೆಯೊಂದು ರಾಮದುರ್ಗದಲ್ಲಿ ನಿಶ್ಚಯವಾಗಿತ್ತು. ಕಾಲೇಜಿಗೆ ಹೋಗುವ ಹಿರಿಯ ಮೊಮ್ಮಗಳು, ಅವಳ ತಂಗಿ, ಓಣಿಯ ಮೂವರು ಗೆಳತಿಯರು ಕೂಡಿ, ಎಲ್ಲರೂ ನೀಲಿ ಸೀರೆಯನ್ನೇ ಉಡತಕ್ಕದ್ದೆಂದೂ ಉಗುರುಗಳೂ ಅದಕ್ಕೆ ಹೊಂದಿಕೆಯಾಗಿರತಕ್ಕದ್ದೆಂದೂ ಠರಾವು ಮಾಡಿದರು. ಪಾರ್ಲರಿನಲ್ಲಿ ವಿಚಾರಿಸಲಾಗಿ, ಒಬ್ಬೊಬ್ಬರ ಹತ್ತು ಉಗುರಿಗೆ ಚಿತ್ರ ಬರೆಯಲು ಹೇಳಿದ ಬೆಲೆಯನ್ನು ಕೇಳಿ ಐವರೂ ಒಬ್ಬರ ಮುಖವನ್ನೊಬ್ಬರು ನೋಡಿ ಹಿಂದಿರುಗಿದರು. ಆ ಹಣದಲ್ಲಿ ಒಂದು ಸಾದಾ ಸೀರೆ ಬರುತ್ತಿತ್ತು. ಬಳೆಯಂಗಡಿಯಲ್ಲಿ ಗಾಢನೀಲಿಯದೊಂದು, ತಿಳಿನೀಲಿಯದೊಂದು, ಬಿಳಿಯದೊಂದು, ಬಣ್ಣವಿಲ್ಲದ ಹೊಳಪಿನದೊಂದು, ಹೀಗೆ ನಾಲ್ಕು ಪುಟ್ಟ ಸೀಸೆಗಳನ್ನೂ ಬಣ್ಣ ತೆಗೆಯುವ ದ್ರವವನ್ನೂ ಕೊಂಡರು. ಐವರಿಗೂ ಹಂಚಿದರೆ ಒಬ್ಬಳ ಪಾಲಿಗೆ ಬಿದ್ದದ್ದು ಎರಡು ಚಹದ ಬೆಲೆ. ಉಳಿದ ಸಾಮಗ್ರಿಯೆಲ್ಲ ಮನೆಯದೇ: ತಲೆಗೆ ಸಿಕ್ಕಿಸುವ ಪಿನ್ನು, ಹಲ್ಲುಕಡ್ಡಿ, ಪುಸ್ತಕಕ್ಕೆ ಅಂಟಿಸುವ ಟೇಪು, ಪಾತ್ರೆ ತಿಕ್ಕುವ ಹೊಸ ಸ್ಪಂಜಿನ ಒಂದು ತುಂಡು, ದೇವರ ಮನೆಯ ಹತ್ತಿಬತ್ತಿ.

ಪಡಸಾಲೆಯಲ್ಲಿ ಹಳೆಯ ಪತ್ರಿಕೆಯನ್ನು ಹಾಸಿ ಕೆಲಸ ಮೊದಲಾಯಿತು. ಹಿರಿಯವಳು ಈ ವಿದ್ಯೆಯ ಕ್ರಮವನ್ನು ಬಲ್ಲವಳು. ನೀಲಿಯು ಉಗುರಿಗೆ ನೇರವಾಗಿ ತಗುಲಿದರೆ ಕಲೆ ಉಳಿಯುವುದುಂಟಾದ್ದರಿಂದ ಬಣ್ಣವಿಲ್ಲದ ಹೊಳಪನ್ನೇ ಮೊದಲು ಸವರಬೇಕು. ಅದು ಆರಿದ ಮೇಲೆ ನೀಲಿಯನ್ನು ಒಂದೇ ಸಲ ದಪ್ಪವಾಗಿ ಬಳಿಯದೆ, ತೆಳುವಾಗಿ ಎರಡು ಸಲ, ನಡುವೆ ಆರಲು ಬಿಟ್ಟು ಹಚ್ಚಬೇಕು. ದಪ್ಪ ಬಣ್ಣ ಮೇಲೆ ಆರಿದಂತೆ ಕಂಡು ಒಳಗೆ ಹಸಿಯಾಗಿದ್ದು, ಸೀರೆಯ ನಿರಿಗೆ ಹಿಡಿಯುವ ಹೊತ್ತಿಗೆ ಸುಕ್ಕಾಗುತ್ತದೆ. ಚರ್ಮಕ್ಕೆ ತಗುಲಿದುದನ್ನು ಆ ದ್ರವದಲ್ಲಿ ಅದ್ದಿದ ಬತ್ತಿಯಿಂದ ಒರೆಸಿದರೆ ಅಂಚು ಶುದ್ಧವಾಗುತ್ತದೆ.

ಚಿಕ್ಕವಳಿಗೆ ಚುಕ್ಕೆಗಳು ಬೇಕಾದವು. ಪಿನ್ನಿನ ದುಂಡುತುದಿಯನ್ನು ಬಿಳಿಯಲ್ಲಿ ಅದ್ದಿ ಗಾಢನೀಲಿಯ ಮೇಲೆ ಇಟ್ಟರೆ ಒಂದೊಂದೂ ಒಂದೇ ಅಳತೆಯ ಚುಕ್ಕೆ. ಮೂರಿಟ್ಟರೆ ಹೂವಿನ ಆರಂಭ, ಐದಿಟ್ಟು ನಡುವೆ ತಿಳಿನೀಲಿಯದೊಂದಿಟ್ಟರೆ ಹೂವು. ಹೊಸ್ತಿಲ ಮುಂದೆ ದಿನವೂ ರಂಗೋಲಿಯ ಚುಕ್ಕೆಯನ್ನಿಡುವ ಕೈಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಎರಡನೆಯವಳು ತಿಳಿನೀಲಿಯನ್ನು ಹಚ್ಚಿ, ಪೂರಾ ಆರಿದ ಮೇಲೆ ಟೇಪಿನ ಸಣ್ಣ ಪಟ್ಟಿಯನ್ನು ಓರೆಯಾಗಿ ಅಂಟಿಸಿ, ಉಳಿದ ಭಾಗಕ್ಕೆ ಗಾಢನೀಲಿಯನ್ನು ಬಳಿದು, ಅದು ಹಸಿಯಿರುವಾಗಲೇ ಪಟ್ಟಿಯನ್ನು ಕಿತ್ತಳು. ಎರಡು ನೀಲಿಗಳ ನಡುವೆ ಗೆರೆ ಹೊಡೆದಂತೆ ಸರಿಯಾಯಿತು. ಮೂರನೆಯವಳು ಸ್ಪಂಜಿನ ತುಂಡಿಗೆ ಬಿಳಿ, ತಿಳಿನೀಲಿ, ಗಾಢನೀಲಿಗಳನ್ನು ಒತ್ತೊತ್ತಾಗಿ ಸವರಿ ಉಗುರಿನ ಮೇಲೆ ಮೆಲ್ಲಗೆ ತಟ್ಟಿದಳು. ನವಿಲುತೀರ್ಥದ ಆಣೆಕಟ್ಟಿನ ನೀರು ದಂಡೆಯಿಂದ ನಡುವಿಗೆ ಹೋದಂತೆ ಬಣ್ಣ ಬದಲಿಸುವುದನ್ನು ಕಂಡವರು ಆ ಉಗುರನ್ನು ಕೂಡಲೆ ಗುರುತಿಸುತ್ತಿದ್ದರು. ಎಲ್ಲರದೂ ಮುಗಿದ ಬಳಿಕ ಮತ್ತೆ ಹೊಳಪಿನದೊಂದು ಲೇಪ. ತುದಿಯ ಅಂಚಿಗೂ ಅದನ್ನು ಮುಟ್ಟಿಸಿದರೆ ಬಣ್ಣ ಬೇಗ ಚಕ್ಕಳಿಕೆಯೇಳದು. ಈ ಸೀಸೆಗಳಲ್ಲಿರುವ ದ್ರವಗಳು ಬೆಂಕಿಗೆ ಒಡನೆ ಹತ್ತಿಕೊಳ್ಳುವಂಥವಾದ್ದರಿಂದ ಒಲೆಯ ಹತ್ತಿರ ಮಾತ್ರ ಕೂಡದೆಂದು ಹಿರಿಯವಳು ಮೊದಲೇ ಎಚ್ಚರಿಸಿದ್ದಳು. ದೇವರ ಮನೆಯ ದೀಪವೂ ಆ ಹೊತ್ತು ಬಾಗಿಲು ಮುಚ್ಚಿಕೊಂಡಿತ್ತು.

ಅಲ್ಪಬೆಲೆಯ ಸೀಸೆಯನ್ನು ಅಲ್ಪವೆಂದು ತಿಳಿಯಬಾರದು. ಉಗುರಿನ ಮೇಲೆ ಹೊರೆಯಂತೆ ಗಟ್ಟಿಯಾಗಿ ನಿಲ್ಲುವ ಪದಾರ್ಥವು ಹೆಚ್ಚಾಗಿ ನೈಟ್ರೋಸೆಲ್ಯುಲೋಸು. ಜಿನ್ನಿನಲ್ಲಿ ಅರಳೆಯನ್ನು ಬೇರ್ಪಡಿಸಿದ ಮೇಲೂ ಬೀಜಕ್ಕೆ ಅಂಟಿಕೊಂಡಿರುವ ಕಿರುನೂಲನ್ನೋ ಮರದ ನಾರನ್ನೋ ಆಮ್ಲಗಳಲ್ಲಿ ಸಂಸ್ಕರಿಸಿ ಅದನ್ನು ಮಾಡುತ್ತಾರೆ. ಹತ್ತಿಯ ಪೇಟೆಗೆ ಹೆಸರಾದ ಬೈಲಹೊಂಗಲದಲ್ಲಿ ಹತ್ತಿಯೇ ವೇಷ ಮರೆಸಿಕೊಂಡು ಹೆಂಗಸರ ಬೆರಳತುದಿಗೆ ಮರಳಿ ಬರುವುದೆಂದರೆ ಅದೊಂದು ವಿನೋದ. ಇನ್ನು ನೀಲಿಯ ಕಥೆ. ಅಲ್ಟ್ರಾಮರೀನ್ ಎಂಬ ಆ ನೀಲಿಯನ್ನು ಹಿಂದೆ ಅಫಗಾನಿಸ್ಥಾನದ ಬದಕ್ಷಾನದಲ್ಲಿ ದೊರೆಯುವ ಕಲ್ಲನ್ನು ಅರೆದು ತೆಗೆಯುತ್ತಿದ್ದರು; ಯುರೋಪಿನ ಚಿತ್ರಕಾರರು ಅದನ್ನು ಚಿನ್ನದಂತೆ ತೂಗಿ ಉಪಯೋಗಿಸುತ್ತಿದ್ದರು. 1828ರಲ್ಲಿ ಫ್ರಾನ್ಸಿನ ಗೀಮೇ ಎಂಬವನು ಅದನ್ನು ಕೃತಕವಾಗಿ ಮಾಡಿ ತೋರಿಸಿ ಬಹುಮಾನವನ್ನು ಪಡೆದನು. ಅಂದಿನಿಂದ ಅರಸರ ಬಣ್ಣವು ಅಗಸನ ಕೈಗೆ ಬಂದು ಧೋತರಗಳಿಗೆ ಹಾಕುವ ನೀಲಿಯಾಯಿತು. ಇಂದು ಉಗುರುಬಣ್ಣದ ಸೀಸೆಗಳಲ್ಲಿಯೂ ಅದು ಸೇರಿರುವುದುಂಟು.

ನೀಲಿ ಉಗುರು ಈ ಸೀಮೆಗೆ ತೀರ ಅಪರಿಚಿತವೆನ್ನುವುದೂ ಸರಿಯಲ್ಲ. ಗಿಡದ ನೀಲಿಯಲ್ಲಿ ನೂಲನ್ನು ಅದ್ದುತ್ತಿದ್ದ ನೀಲಗಾರರ ಕೈಗಳು ಮೊಣಕೈವರೆಗೆ ನೀಲಿಯಾಗಿರುತ್ತಿದ್ದವು. ಉಗುರಿನ ಸಂದಿಯ ನೀಲಿ ಹಬ್ಬದ ಮೀಹಕ್ಕೂ ಬಿಡುತ್ತಿರಲಿಲ್ಲ. 1897ರಲ್ಲಿ ಜರ್ಮನಿಯ ಕಾರಖಾನೆಯ ನೀಲಿ ಪೇಟೆಗೆ ಬಂದ ಮೇಲೆ ಗಿಡದ ನೀಲಿ ಹಿಂದೆ ಬಿದ್ದಿತು. ಆ ನೀಲಿ ಅಲಂಕಾರವಾಗಿರಲಿಲ್ಲ, ದುಡಿಮೆಯ ಗುರುತಾಗಿತ್ತು. ಅದನ್ನು ಯಾರೂ ಬಯಸಿ ಹಚ್ಚಿಕೊಂಡದ್ದಲ್ಲ. ಅದು ತಾನಾಗಿ ಹತ್ತಿದ್ದು. ಈ ಎರಡು ಮಾತುಗಳ ಅಂತರವು ಮುಂದೆ ಬರುವ ಸಂಗತಿಯಲ್ಲಿ ಪ್ರಯೋಜನಕ್ಕೆ ಬರುತ್ತದೆ.

ಐವರ ಐವತ್ತು ಉಗುರುಗಳನ್ನು ಮೊದಲು ನೋಡಿದವಳು ಮನೆಯ ಹಿರಿಯಳಾದ ಆಯಿ.

"ಏನ ಇದು ತಂಗಿ? ಹಾವ ಕಡದವರ ಉಗರ ಆದಂಗ ಆಗ್ಯಾವಲ್ಲ! ಶುಭಕಾರ್ಯಕ್ಕ ಹೊಂಟ ಕೈಯೇನ ಇವು?"

ಆಯಿಯ ಮಾತು ಬರಿಯ ಮೂಢತನವಲ್ಲ. ರಕ್ತದಲ್ಲಿ ಪ್ರಾಣವಾಯು ಕಡಿಮೆಯಾದಾಗ ತುಟಿಯೂ ಉಗುರೂ ನೀಲಿಗಟ್ಟುವುದು ವೈದ್ಯಶಾಸ್ತ್ರವೂ ಒಪ್ಪಿದ ಚಿಹ್ನೆ. 2020 ಮತ್ತು 2021ರ ರೋಗದ ಕಾಲದಲ್ಲಿ ಮನೆಮನೆಗೂ ಬಂದ, ಬೆರಳತುದಿಗೆ ಸಿಕ್ಕಿಸಿ ಪ್ರಾಣವಾಯುವನ್ನಳೆಯುವ ಪುಟ್ಟ ಯಂತ್ರವು ಉಗುರಿನ ಮೂಲಕ ಬೆಳಕನ್ನು ಹಾಯಿಸಿ ಲೆಕ್ಕ ಹೇಳುವುದು. ಗಾಢನೀಲಿಯ ಬಣ್ಣವಿದ್ದರೆ ಅದರ ಲೆಕ್ಕ ತಪ್ಪಬಹುದು. ಆಸ್ಪತ್ರೆಗೆ ಹೋಗುವಾಗ ಒಂದು ಬೆರಳಿನ ಬಣ್ಣವನ್ನಾದರೂ ತೆಗೆಯಬೇಕೆಂಬುದು ಇದಕ್ಕಾಗಿ. ಆಯಿಯು ಎಷ್ಟೋ ಉಗುರುಗಳು ನೀಲಿಯಾದುದನ್ನು ಕಂಡವಳು. ಅವುಗಳಲ್ಲಿ ತನ್ನ ಅಳಿಯನದೂ ಒಂದಾಗಿತ್ತು.

ಆ ಅಳಿಯನ ಹೆಂಡತಿ, ಎಂದರೆ ಹುಡುಗಿಯರ ಸೋದರತ್ತೆ, ಅದೇ ಪಡಸಾಲೆಯ ಮೂಲೆಯಲ್ಲಿ ಕುಳಿತು ಯಾರದೋ ಸೀರೆಗೆ ಫಾಲು ಹೊಲಿಯುತ್ತಿದ್ದಳು. ಸವದತ್ತಿಯ ಕಡೆಗೆ ಕೊಟ್ಟಿದ್ದ ಆಕೆ ಹತ್ತೊಂಬತ್ತು ವರ್ಷಗಳ ಹಿಂದೆ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಹಣೆ ಕೈಗಳನ್ನು ಬರಿದುಮಾಡಿಕೊಂಡು ತವರಿಗೆ ಬಂದವಳು. ಕಸೂತಿಯಲ್ಲಿ ಆಕೆಯ ಕೈ ಓಣಿಗೆ ಹೆಸರಾದದ್ದು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗೋಪುರವನ್ನೂ ತೇರನ್ನೂ ತುಳಸಿಕಟ್ಟೆಯನ್ನೂ, ಕೆಳಗೆ ಗೆರೆಯನ್ನೆಳೆದುಕೊಳ್ಳದೆ, ಬಟ್ಟೆಯ ಎಳೆಗಳನ್ನೆಣಿಸಿಯೇ ಮೂಡಿಸಬಲ್ಲಳು. ಹಿರಿಯ ಹುಡುಗಿಯು ತನ್ನ ಹೆಬ್ಬೆರಳಿನ ಮೇಲೆ ಮುರಗಿಯ ಮೆಟ್ಟಿಲನ್ನು ಬರೆಯಲು ಹೋಗಿ ಮೂರು ಸಲ ಕೆಡಿಸಿದಾಗ, ಅತ್ತೆಯು ಫಾಲನ್ನು ಬದಿಗಿಟ್ಟು, ಹಲ್ಲುಕಡ್ಡಿಯನ್ನು ತೆಗೆದುಕೊಂಡು, "ಹಿಂಗಲ್ಲ ತಂಗಿ, ಕೈ ಕೊಡ" ಎಂದಳು. ಕಡ್ಡಿಯ ತುದಿಯಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳಿಯನ್ನೆತ್ತಿ, ಉಸಿರು ಹಿಡಿದು, ಏರಿ ಇಳಿದು ಏರುವ ಗೆರೆಯನ್ನು ಎಳೆದಳು. ಹತ್ತು ನಿಮಿಷದಲ್ಲಿ ನೀಲಿ ಉಗುರಿನ ಮೇಲೆ ಒಂದು ಗೋಪುರವೆದ್ದಿತು. ಆ ಮೇಲೆ ಉಳಿದ ನಾಲ್ವರೂ ತಮ್ಮ ತಮ್ಮ ಚುಕ್ಕೆಗಳನ್ನು ಅಳಿಸಿ ಸಾಲುಹಿಡಿದು ಕುಳಿತರು.

ಎಲ್ಲರದೂ ಆಗಿ ಕಡ್ಡಿಯನ್ನು ಒರೆಸಿಡುವಾಗ ಹಿರಿಯವಳು, "ಇನ್ನ ನಿನ್ನ ಕೈ ಕೊಡ ಅತ್ತಿ" ಎಂದಳು.

"ನನಗ್ಯಾಕ ತಂಗಿ ಇವೆಲ್ಲಾ?"

ಆ ಪ್ರಶ್ನೆಗೆ ಉತ್ತರವು ಎಲ್ಲರಿಗೂ ತಿಳಿದಿದ್ದರಿಂದ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮದುವೆಯ ಮುಂಚಿನ ವಾರವೇ ಭಾರತ ಹುಣ್ಣಿಮೆ ಆಗಿಹೋಗಿತ್ತು. ಸವದತ್ತಿಯ ಗುಡ್ಡದ ಎಲ್ಲಮ್ಮನು ಹೊಸ್ತಿಲ ಹುಣ್ಣಿಮೆಗೆ ಗಂಡನಾದ ಜಮದಗ್ನಿಯನ್ನು ಕಳೆದುಕೊಂಡು ಬಳೆಗಳನ್ನೊಡೆದುಕೊಳ್ಳುವಳು. ಭಾರತ ಹುಣ್ಣಿಮೆಗೆ ಅವನು ಜೀವದಿಂದೇಳಲು ಮತ್ತೆ ಮುತ್ತೈದೆಯಾಗಿ ಹಸಿರು ಬಳೆಗಳನ್ನಿಡುವಳು. ಜನರು ಮೊದಲನೆಯದನ್ನು ರಂಡಿ ಹುಣ್ಣಿವೆಯೆಂದೂ ಎರಡನೆಯದನ್ನು ಮುತ್ತೈದೆ ಹುಣ್ಣಿವೆಯೆಂದೂ ಕರೆಯುವರು. ಆಯಿಯು ಆ ವರ್ಷವೂ ಗುಡ್ಡಕ್ಕೆ ಹೋಗಿ, ಎಪ್ಪತ್ತು ದಾಟಿದ ತನ್ನ ಕೈಗಳಿಗೆ ಹಸಿರು ಬಳೆಗಳನ್ನಿಡಿಸಿಕೊಂಡು ಬಂದಿದ್ದಳು. ದೇವಿಯ ವೈಧವ್ಯವು ಎರಡು ತಿಂಗಳದು. ಮಗಳದು ಹತ್ತೊಂಬತ್ತು ವರ್ಷಗಳದಾಗಿ ಇನ್ನೂ ನಡೆದಿತ್ತು. ಮಗಳ ಬರಿಗೈಗಳೆದುರಿನಲ್ಲಿ ತನ್ನ ಬಳೆಗಳು ಸದ್ದುಮಾಡದಂತೆ ಆ ತಾಯಿ ರೊಟ್ಟಿ ಬಡಿಯುವಾಗ ಅವುಗಳನ್ನು ಮೇಲಕ್ಕೆ ಸರಿಸಿಕೊಳ್ಳುತ್ತಿದ್ದುದನ್ನು ಮನೆಯವರೆಲ್ಲರೂ ಕಂಡಿದ್ದರು, ಯಾರೂ ಆಡಿರಲಿಲ್ಲ.

ಮೌನವನ್ನು ಮುರಿದವಳು ಚಿಕ್ಕವಳು. "ಕೆಂಪ ಬ್ಯಾಡ ಅಂತಾರ, ಹಸರ ಬ್ಯಾಡ ಅಂತಾರ. ಖರೆ. ನೀಲಿ ಬ್ಯಾಡ ಅಂತ ಯಾರ ಅಂದಾರ ಅತ್ತಿ?"

ಹುಡುಗಿಯ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿತ್ತೋ ಇಲ್ಲವೋ, ಆ ಪಡಸಾಲೆಯಲ್ಲಿ ಇರಲಿಲ್ಲ. ಕುಂಕುಮದ ಕೆಂಪು, ಬಳೆಯ ಹಸಿರು, ಅರಿಷಿಣದ ಹಳದಿ, ಇವು ಗಂಡನ ಹೆಸರಿನಲ್ಲಿ ಬರುವವು, ಗಂಡನೊಡನೆ ಹೋಗುವವು. ನೀಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಲೆಕ್ಕದ ಹೊರಗಿದ್ದುದರಿಂದಲೇ ಅದನ್ನು ಕಸಿದುಕೊಳ್ಳುವ ವಿಧಿಯೂ ಹುಟ್ಟಿರಲಿಲ್ಲ.

ಹಿರಿಯವಳು ಅಲ್ಲಿಗೆ ಬಿಡಲಿಲ್ಲ. ಕಿತ್ತೂರಿನ ಕೋಟೆಗೆ ಶಾಲೆಯಿಂದ ಹೋಗಿಬಂದ ನೆನಪು ಅವಳಿಗೆ ಹಸಿಯಾಗಿತ್ತು. ಚೆನ್ನಮ್ಮನ ಗಂಡನಾದ ಮಲ್ಲಸರ್ಜನು 1816ರಲ್ಲಿಯೇ ತೀರಿಕೊಂಡಿದ್ದನು; ಥ್ಯಾಕರೆಯ ಸೈನ್ಯವನ್ನು ಆಕೆ ಎದುರಿಸಿದ್ದು 1824ರ ಅಕ್ಟೋಬರ 23ರಂದು. ಸೆರೆಯಾಗಿ ಬೈಲಹೊಂಗಲದ ಕೋಟೆಯಲ್ಲಿದ್ದು 1829ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದಳು; ಆಕೆಯ ಸಮಾಧಿಯನ್ನು ಈ ಊರವರೆಲ್ಲ ಬಲ್ಲರು. "ಆಕಿನೂ ಗಂಡ ಇಲ್ಲದಾಕೀನ ಅಲ್ಲೇನ ಅತ್ತಿ? ಊರ ತುಂಬ ಆಕಿ ಚಿತ್ರಕ್ಕ ಕೈ ಮುಗೀತಾರ."

ಅತ್ತೆಯು ನಕ್ಕಳು. "ಆಕಿ ಕೈಯಾಗ ಕತ್ತಿ ಇತ್ತವಾ. ಕತ್ತಿ ಹಿಡದ ಕೈಗೆ ಯಾರೂ ಬಳಿ ಎಲ್ಲಿ ಅಂತ ಕೇಳೂದಿಲ್ಲ. ಸೂಜಿ ಹಿಡದ ಕೈಗೆ ಕೇಳತಾರ." ಹೀಗೆಂದು ಸೀಸೆಗಳ ಬಾಯಿಯನ್ನು ಬಿಗಿದು, ಪತ್ರಿಕೆಯನ್ನು ಮಡಿಚಿ, ದೀಪವನ್ನಾರಿಸಿದಳು. ವಿಷಯವು ಮುಗಿಯಿತೆಂದು ಎಲ್ಲರೂ ತಿಳಿದರು.

ಬೆಳಗಿನಲ್ಲಿ ಸವದತ್ತಿಯ ಮಾರ್ಗವಾಗಿ ರಾಮದುರ್ಗಕ್ಕೆ ಹೊರಟಾಗ ಗಾಡಿಯಲ್ಲಿ ಯಾರೂ ಏನನ್ನೂ ಗಮನಿಸಲಿಲ್ಲ. ಅತ್ತೆಯ ಎಡಗೈ ಸೆರಗಿನೊಳಗಿತ್ತು. ಮಲಪ್ರಭೆಯ ದಂಡೆಯ ಆ ಊರು 1948ರಲ್ಲಿ ವಿಲೀನವಾಗುವವರೆಗೆ ಒಂದು ಸಂಸ್ಥಾನದ ರಾಜಧಾನಿಯಾಗಿದ್ದುದು. ನೇಕಾರರೂ ಹಳೆಯ ಮನೆತನದವರೂ ಇರುವಲ್ಲಿ ಸೀರೆಯ ಅಂಚನ್ನೂ ಕೈಯ ಬಳೆಯನ್ನೂ ನೋಡಿ ಅಳೆಯುವ ಕಣ್ಣುಗಳಿಗೇನೂ ಕೊರತೆಯಿಲ್ಲ. ಅಕ್ಷತೆಯ ಹೊತ್ತಿಗೆ ಹಿಂದಿನ ಸಾಲಿನಲ್ಲಿ ನಿಂತಿದ್ದ ಅತ್ತೆಯು ಕೈಯನ್ನೆತ್ತಿ ಅಕ್ಕಿಕಾಳನ್ನು ಬೀರಿದಾಗ, ಪಕ್ಕದಲ್ಲಿದ್ದ ಬೀಗರ ಕಡೆಯ ಹೆಂಗಸೊಬ್ಬಳ ದೃಷ್ಟಿಯು ಆ ಕೈಯ ಮೇಲೆ ನಿಂತಿತು. ಕಿರುಬೆರಳಿನ ಒಂದೇ ಉಗುರು ನೀಲಿಯಾಗಿತ್ತು. ಅದರ ಮೇಲೆ ಎಳೆಯೆಣಿಸಿದಂಥ ಪುಟ್ಟದೊಂದು ತುಳಸಿಕಟ್ಟೆ.

"ಇದೇನ್ರೀ ಬಾಯಿ, ನಿಮ್ಮ ಉಗರಿಗೆ?" ಎಂದು ಆ ಹೆಂಗಸು ಕೇಳಿದಳು. ದನಿಯಲ್ಲಿ ಕುತೂಹಲವಿತ್ತೋ ಆಕ್ಷೇಪವಿತ್ತೋ ಹೇಳುವುದು ಕಠಿಣ.

ಉತ್ತರವನ್ನು ಕೊಟ್ಟವಳು ಆಯಿ. ಹಸಿರು ಬಳೆಗಳ ಕೈಯನ್ನು ಮಗಳ ಕೈಗೂ ಆ ಹೆಂಗಸಿಗೂ ನಡುವೆ ತಂದು, "ಹುಡುಗೂರಿಗೆ ಬಣ್ಣಾ ಬರಿಯೂ ಮುಂದ ಹತ್ತೇತ್ರೀ. ತೊಳದರ ಹೋಗೂದಿಲ್ಲ ನೋಡ್ರಿ ಅದು" ಎಂದಳು. ಮಗಳ ಮೇಲೆ ಒಂದು ಕೆಟ್ಟ ಮಾತು ಬೀಳದಿರಲೆಂದು ತಾಯಿ ಆಡಿದ ಸುಳ್ಳು ಅದು. ಅದನ್ನು ತಪ್ಪೆನ್ನುವ ಎದೆ ಯಾರಿಗಿದೆ? ನೀಲಗಾರನ ಕೈಯ ನೀಲಿಯಂತೆ, ಇದೂ ಕೆಲಸದಲ್ಲಿ ತಗುಲಿದ್ದೆಂದರೆ ಜನ ಒಪ್ಪುವರು. ವಿಧವೆಯ ಕೈಗೆ ಕಲೆಯಿರಬಹುದು.

ಅತ್ತೆಯು ತಾಯಿಯ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿದಳು.

"ಹತ್ತಿದ್ದಲ್ಲರಿ," ಎಂದಳು. "ಹಚ್ಚಿಕೊಂಡದ್ದು."

ಗಟ್ಟಿಮೇಳದ ಸದ್ದಿನಲ್ಲಿ ಆ ಮಾತನ್ನು ಕೇಳಿದವರು ನಾಲ್ಕೈದು ಮಂದಿ. ಬೀಗರ ಹೆಂಗಸು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಬಗ್ಗಿ ಉಗುರನ್ನು ಹತ್ತಿರದಿಂದ ನೋಡಿ, "ತುಳಸಿಕಟ್ಟಿ ಏನ್ರಿ ಇದು? ನಮ್ಮವ್ವನ ಚಂದ್ರಕಾಳಿ ಸೀರಿ ಮ್ಯಾಲೆ ಇಂಥಾದ ಇತ್ತು" ಎಂದಳು. ಅಷ್ಟೇ. ಮುಂದೆ ಊಟದ ಪಂಕ್ತಿಯಲ್ಲಿ ಬೇರೆ ಇಬ್ಬರು ಹೆಂಗಸರು ಪಿಸುಗುಟ್ಟಿದ್ದನ್ನು ಹುಡುಗಿಯರು ಕೇಳಿದರು. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಎಲ್ಲ ಮನೆಗಳಲ್ಲಿಯೂ ಅದು ಹೇಗಿರುವುದೆಂದು ವಾಚಕರು ಬಲ್ಲರು. ತಿರುಗಿ ಬರುವಾಗ ಗಾಡಿಯಲ್ಲಿ ಆಯಿಯು ಒಂದು ಮಾತನ್ನೂ ಆಡಲಿಲ್ಲ. ಕಿಟಕಿಯ ಕಡೆಗೆ ಮುಖಮಾಡಿ, ಮಗಳ ಎಡಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಗಾಡಿ ಕುಲುಕಿದಾಗಲೆಲ್ಲ ಬಳೆಗಳು ಸದ್ದುಮಾಡಿದವು. ಈ ಸಲ ಅವಳು ಅವನ್ನು ಮೇಲಕ್ಕೆ ಸರಿಸಲಿಲ್ಲ.

ಮನೆಯ ಕೈಗಳ ಮೇಲೆ ಈ ಬಣ್ಣಕ್ಕೆ ಆಯುಷ್ಯ ಬಹಳವಿಲ್ಲ. ಪಾತ್ರೆ ಬಟ್ಟೆಗಳ ನೀರಿನಲ್ಲಿ ಎಂಟು ದಿನಗಳೊಳಗಾಗಿ ಹುಡುಗಿಯರ ಗೋಪುರಗಳ ಶಿಖರಗಳು ಬಿದ್ದವು. ಉಳಿದುದನ್ನು ಅವರು ಬತ್ತಿಯಿಂದ ಒರೆಸಿ ತೆಗೆದರು. ಬಿಳಿಯ ಸೀಸೆ ಬರಿದಾಗಿತ್ತು, ತಿಳಿನೀಲಿ ಗಟ್ಟಿಯಾಗಿತ್ತು. ಗಾಢನೀಲಿಯ ಸೀಸೆಯಲ್ಲಿ ಮಾತ್ರ ಇನ್ನೂ ಅರ್ಧ ಉಳಿದಿತ್ತು. ಹಿರಿಯವಳು ಅದನ್ನು ಹುಡುಕಿದಳು. ಕನ್ನಡಿಯ ಗೂಡಿನಲ್ಲಿ ಇರಲಿಲ್ಲ, ಕಪಾಟಿನಲ್ಲಿ ಇರಲಿಲ್ಲ. ಅತ್ತೆಯ ಕಸೂತಿಯ ಡಬ್ಬಿಯಲ್ಲಿ, ದಾರದ ಲಡಿಗಳ ನಡುವೆ, ಮುಚ್ಚಳವನ್ನು ಬಿಗಿಯಾಗಿ ತಿರುವಿ ನೆಟ್ಟಗೆ ನಿಲ್ಲಿಸಿದ್ದು ಸಿಕ್ಕಿತು. ನೋಡಿ, ಡಬ್ಬಿಯನ್ನು ಮೊದಲಿನಂತೆ ಮುಚ್ಚಿಟ್ಟು ಬಂದಳು.